ಅಂಗ್ಕೋರ್ ವಾಟ್‌ನಲ್ಲಿ ಪೂಜೆ ನಿಂತೇ ಇರಲಿಲ್ಲ

ಕಾಂಬೋಡಿಯಾದ ಅಂಗ್ಕೋರ್ ವಾಟ್‌ಗೆ ಹೋದವರು ಪಶ್ಚಿಮದ ಕಂದಕ ದಾಟಿ ಹೆಬ್ಬಾಗಿಲಿನೊಳಗೆ ಬಲಕ್ಕೆ ತಿರುಗಿದರೆ ಎಂಟು ಕೈಗಳ ದೊಡ್ಡ ಕಲ್ಲಿನ ಮೂರ್ತಿ ಕಾಣಿಸುತ್ತದೆ. ಕೆತ್ತನೆ ವಿಷ್ಣುವಿನದು. ಮೈಗೆ ಹೊದಿಸಿರುವುದು ಕಾವಿ ಬಟ್ಟೆ. ಮುಂದೆ ಊದಿನಕಡ್ಡಿ, ಬಾಳೆಹಣ್ಣು, ತಾವರೆ ಮೊಗ್ಗು. ಊರಿನವರಿಗೆ ಇವನು ‘ತಾ ರೀಚ್’, ಅಂದರೆ ರಾಜ ಅಜ್ಜ. ಮದುವೆಯ ಜೋಡಿಗಳು ಬಂದು ಕೈಮುಗಿಯುತ್ತಾರೆ, ಕಷ್ಟ ಇರುವವರು ಹೇಳಿಕೊಳ್ಳುತ್ತಾರೆ. ಕೊರಗಜ್ಜನಿಗೆ ಹರಕೆ ಹೇಳಿಕೊಂಡು ಬೆಳೆದ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈಚಿನ ವರ್ಷಗಳಲ್ಲಿ ಅಂಗ್ಕೋರ್ ಸುದ್ದಿಗೆ ಬಂದಾಗಲೆಲ್ಲ ವಿಷಯ ಗೋಜಲಾಗಿರುತ್ತದೆ. ಒಮ್ಮೆ ಉಡುಪಿನ ನಿಯಮ, ಒಮ್ಮೆ ಟಿಕೆಟ್ ದರ, ಒಮ್ಮೆ ಸಾವಿರಾರು ಕುಟುಂಬಗಳ ಸ್ಥಳಾಂತರ. ಇವೆಲ್ಲದರ ಬುಡದಲ್ಲಿ ಇರುವುದು ಒಂದೇ ಪ್ರಶ್ನೆ. ಇದು ಪೂಜೆ ನಡೆಯುವ ಗುಡಿಯೋ, ಕಾಪಾಡಿ ಇಡಬೇಕಾದ ಸ್ಮಾರಕವೋ?

12ನೇ ಶತಮಾನದ ಮೊದಲ ಅರ್ಧದಲ್ಲಿ ಎರಡನೇ ಸೂರ್ಯವರ್ಮ ಇದನ್ನು ವಿಷ್ಣುವಿಗಾಗಿ ಕಟ್ಟಿಸಿದ. ಮುಂದಿನ ಇನ್ನೂರು ವರ್ಷಗಳಲ್ಲಿ ಅರಸರೂ ಜನರೂ ಥೇರವಾದ ಬೌದ್ಧರಾದರು, 15ನೇ ಶತಮಾನದಲ್ಲಿ ರಾಜಧಾನಿ ದಕ್ಷಿಣಕ್ಕೆ ಹೋಯಿತು. ಆಮೇಲೆ ಕಾಡು ಬೆಳೆದು ಗುಡಿ ಮರೆತುಹೋಯಿತು ಎಂಬ ಕತೆಯನ್ನು ನಾವು ಕೇಳಿದ್ದೇವೆ. ಅದು ನಿಜವಲ್ಲ.

16ನೇ ಶತಮಾನವನ್ನೇ ನೋಡಿ. ಸೂರ್ಯವರ್ಮನ ಕಾಲದಲ್ಲಿ ಈಶಾನ್ಯ ಮೂಲೆಯ ಮೊಗಸಾಲೆಗಳ ಗೋಡೆ ಕೆತ್ತದೆ ಉಳಿದಿತ್ತು. 1546ರಿಂದ 1564ರ ನಡುವೆ ಆಂಗ್ ಚಾನ್ ಎಂಬ ಬೌದ್ಧ ದೊರೆ ಅದನ್ನು ಪೂರ್ತಿ ಮಾಡಿಸಿದ. ಕೆತ್ತಿಸಿದ್ದು ಬುದ್ಧನ ಕತೆಯಲ್ಲ, ಕೃಷ್ಣ ಬಾಣಾಸುರರ ಯುದ್ಧ. ಕೊನೆಗೆ ಕೃಷ್ಣ ಶಿವನ ಮುಂದೆ ಮಂಡಿಯೂರಿದ್ದಾನೆ, ಬಾಣನ ಪ್ರಾಣ ಉಳಿಯುತ್ತದೆ. ಉಳಿದ ಗೋಡೆಗಳಷ್ಟು ನಯವಿಲ್ಲ ಎಂದು ಕಲೆ ಬಲ್ಲವರು ಹೇಳುತ್ತಾರೆ, ಇರಬಹುದು. ನಾನೂರು ವರ್ಷ ಹಿಂದೆ ನಿಂತ ಕೆಲಸವನ್ನು ಬೇರೆ ಧರ್ಮದ ದೊರೆ ಅದೇ ಕತೆಯಿಂದ ಮುಂದುವರಿಸಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

1577ರ ಶಾಸನ ಇನ್ನೂ ಹತ್ತಿರದ್ದು. ಮಗ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದ್ದನ್ನು ಕಂಡು ರಾಜಮಾತೆ ಸಂತೋಷಪಟ್ಟಳು. ತನ್ನ ಕೂದಲನ್ನು ಕತ್ತರಿಸಿ, ಸುಟ್ಟು, ಆ ಬೂದಿಯನ್ನು ಅರಗಿನಲ್ಲಿ ಸೇರಿಸಿ ಬುದ್ಧನ ಮೂರ್ತಿಗಳಿಗೆ ಬಳಿಸಿದಳು. ನಡುಗೋಪುರ ‘ಬಾಕಾನ್’ನ ನಾಲ್ಕು ಬಾಗಿಲುಗಳಿಗೆ ಕಲ್ಲು ಮುಚ್ಚಿ, ಅದರ ಮೇಲೆ ನಿಂತ ಬುದ್ಧರನ್ನು ಕೆತ್ತಿದ್ದೂ ಬೌದ್ಧರ ಕಾಲದಲ್ಲೇ. 1632ರಲ್ಲಿ ಜಪಾನಿನ ಉಕೊಂದಾಯು ಕಾಝುಫುಸ ಎಂಬ ಯಾತ್ರಿಕ ಸಮುದ್ರ ದಾಟಿ ಬಂದು ನಾಲ್ಕು ಬುದ್ಧ ಮೂರ್ತಿಗಳನ್ನು ಅರ್ಪಿಸಿದ. ಅವನ ಬರಹ ಇವತ್ತಿಗೂ ಗುಡಿಯೊಳಗಿನ ಒಂದು ಸಭಾಂಗಣದ ಕಂಬದ ಮೇಲಿದೆ. ಆಗಿನ ಕೆಲವು ಜಪಾನೀಯರು ಇದೇ ಬುದ್ಧನಿದ್ದ ಜೇತವನ ಎಂದು ನಂಬಿದ್ದರು. ಭಕ್ತರು ತಂದಿಟ್ಟ ಮೂರ್ತಿಗಳು ತುಂಬಿ ತುಂಬಿ ಆ ಸಭಾಂಗಣಕ್ಕೆ ‘ಪ್ರಿಯಾ ಪೋನ್’, ಸಾವಿರ ಬುದ್ಧರು, ಎಂಬ ಹೆಸರೇ ಬಂತು.

1860ರಲ್ಲಿ ಫ್ರೆಂಚ್ ಪ್ರವಾಸಿ ಆನ್ರಿ ಮುಓ ಬಂದಾಗಲೂ ಗುಡಿಯ ಮುಂದೆ ಭಿಕ್ಷುಗಳು ಮರದ ಮನೆ ಕಟ್ಟಿಕೊಂಡು ವಾಸವಿದ್ದರು. ಆದರೂ ಯುರೋಪಿನಲ್ಲಿ ‘ಕಳೆದುಹೋಗಿದ್ದ ನಗರ ಸಿಕ್ಕಿತು’ ಎಂದು ಸುದ್ದಿಯಾಯಿತು. 1907ರಲ್ಲಿ ಸಯಾಮ್ (ಈಗಿನ ಥಾಯ್ಲೆಂಡ್) ಈ ಪ್ರದೇಶವನ್ನು ಫ್ರೆಂಚರ ಆಡಳಿತದಲ್ಲಿದ್ದ ಕಾಂಬೋಡಿಯಾಕ್ಕೆ ಬಿಟ್ಟುಕೊಟ್ಟಿತು. ಸಂರಕ್ಷಣೆ ಶುರುವಾಯಿತು, ಗಿಡಗಂಟಿ ಹೋಯಿತು, ಕುಸಿದ ಗೋಡೆ ಎದ್ದಿತು. ಅದು ನಿಜಕ್ಕೂ ದೊಡ್ಡ ಕೆಲಸ. ಆದರೆ ನೋಟಕ್ಕೆ ಅಡ್ಡ ಎಂದು ಭಿಕ್ಷುಗಳ ಮನೆಗಳನ್ನೂ ಎದುರಿನಿಂದ ತೆಗೆಸಿದರು. ಈಗಿನ ವಿಹಾರಗಳು ಉತ್ತರ, ದಕ್ಷಿಣದ ಮಗ್ಗುಲಲ್ಲಿ ಮರಗಳ ಮರೆಯಲ್ಲಿವೆ. ಫೋಟೊದಲ್ಲಿ ಬರುವುದಿಲ್ಲ.

1975ರಿಂದ 1979ರವರೆಗೆ ಖಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಡಳಿತ. ಧ್ವಜದಲ್ಲಿ ಅಂಗ್ಕೋರ್‌ನ ಗೋಪುರಗಳಿದ್ದವು, ದೇಶದಲ್ಲಿ ಕಾವಿ ಉಟ್ಟ ಭಿಕ್ಷು ಇರಲಿಲ್ಲ. ಯುದ್ಧದ ಆ ವರ್ಷಗಳಲ್ಲಿ ಪ್ರಿಯಾ ಪೋನ್‌ನ ಮೂರ್ತಿಗಳು ಒಡೆದವು, ಕಳುವಾದವು. ಈಗ ಅಲ್ಲಿ ಕೆಲವೇ ಉಳಿದಿವೆ. ಪಕ್ಕದ ಚಿಕ್ಕ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಎದೆ ತಟ್ಟಿಕೊಂಡರೆ ಡೋಲು ಬಡಿದ ಹಾಗೆ ಸದ್ದು ಬರುತ್ತದೆ. ಹೊರಗೆ ಬಂದರೆ ಬರೀ ಪೀಠಗಳು.

ನಂತರ ಬಂದವರಲ್ಲಿ ನಮ್ಮವರೂ ಇದ್ದಾರೆ. ಹಂಪಿ, ಬಾದಾಮಿಗಳನ್ನು ನೋಡಿಕೊಳ್ಳುವ ಭಾರತೀಯ ಪುರಾತತ್ವ ಇಲಾಖೆಯೇ 1986ರಿಂದ 1993ರವರೆಗೆ ಅಲ್ಲಿ ಕೆಲಸ ಮಾಡಿತು. ಅಂತರ್ಯುದ್ಧ ಮುಗಿದಿರಲಿಲ್ಲ, ಹೆಚ್ಚಿನ ದೇಶಗಳು ಅಲ್ಲಿನ ಸರ್ಕಾರವನ್ನು ಒಪ್ಪಿರಲಿಲ್ಲ. ಕಲ್ಲಿನ ಪಾಚಿ ತೊಳೆಯಲು ರಾಸಾಯನಿಕ ಬಳಸಿದ್ದಕ್ಕೆ, ಸಿಮೆಂಟ್ ಹಾಕಿದ್ದಕ್ಕೆ ಆಮೇಲೆ ಟೀಕೆ ಬಂತು. ಅದರಲ್ಲಿ ಹುರುಳಿದೆ. ಹೆಚ್ಚಿನವರು ಕಾಲಿಡದ ಹೊತ್ತಿನಲ್ಲಿ ಅವರು ಹೋಗಿದ್ದರು ಎಂಬುದನ್ನೂ ಜೊತೆಗೇ ಹೇಳಬೇಕು.

1992ರಲ್ಲಿ ಯುನೆಸ್ಕೊ ಪಟ್ಟಿ, 1995ರಲ್ಲಿ ಅಂಗ್ಕೋರ್ ನೋಡಿಕೊಳ್ಳುವ ‘ಅಪ್ಸರಾ’ ಪ್ರಾಧಿಕಾರ, 2004ರಲ್ಲಿ ಅಪಾಯದ ಪಟ್ಟಿಯಿಂದ ಬಿಡುಗಡೆ. ಅಲ್ಲಿಂದಾಚೆಗೆ ಪ್ರವಾಸಿಗರ ಹೊಳೆ. 2016ರಿಂದ ಭುಜ, ಮಂಡಿ ಮುಚ್ಚುವ ಬಟ್ಟೆ ಕಡ್ಡಾಯ. 2017ರಲ್ಲಿ ಒಂದು ದಿನದ ಟಿಕೆಟ್ 20 ಡಾಲರ್‌ನಿಂದ 37ಕ್ಕೆ ಏರಿತು, ಕಾಂಬೋಡಿಯಾದವರಿಗೆ ಉಚಿತ. ಬೌದ್ಧರ ಪವಿತ್ರ ದಿನಗಳಲ್ಲಿ ಬಾಕಾನ್‌ನ ಕಡಿದಾದ ಮೆಟ್ಟಿಲು ಹತ್ತಲು ಪ್ರವಾಸಿಗರನ್ನು ಬಿಡುವುದಿಲ್ಲ. ಇದು ಪೂಜೆಯ ಜಾಗ ಎಂದು ನಿಯಮದಲ್ಲೇ ಒಪ್ಪಿಕೊಂಡ ಹಾಗಾಯಿತು. ಇಷ್ಟು ಒಳ್ಳೆಯದೇ.

2022ರಲ್ಲಿ ಶುರುವಾದ ಸ್ಥಳಾಂತರದ ಕತೆ ಬೇರೆ. ಅಂಗ್ಕೋರ್‌ನ ಸಂರಕ್ಷಿತ ಪ್ರದೇಶದಲ್ಲಿ ವಾಸವಿದ್ದ ಸುಮಾರು 10,000 ಕುಟುಂಬಗಳನ್ನು ರುನ್ ತಾ ಏಕ್ ಎಂಬ ಹೊಸ ಊರು ಮತ್ತಿತರ ಕಡೆಗೆ ಕಳಿಸುವ ಯೋಜನೆ ಅದು. ಒಪ್ಪಿಯೇ ಹೋಗುತ್ತಿದ್ದಾರೆ, ಹಳೆಯ ಹಳ್ಳಿಗಳನ್ನು ಮುಟ್ಟುವುದಿಲ್ಲ, ಆಮೇಲೆ ಬಂದು ನೆಲೆಸಿದವರನ್ನು ಮಾತ್ರ ಕಳಿಸುತ್ತೇವೆ ಎಂದು ಅಧಿಕಾರಿಗಳು ಹೇಳುತ್ತಾರೆ. ಒತ್ತಾಯದಿಂದ ಎಬ್ಬಿಸಿದ್ದಾರೆ ಎಂದು 2023ರಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ವರದಿ ಮಾಡಿತು. ಯಾರು ಹಳಬರು, ಯಾರು ಹೊಸಬರು ಎಂಬಲ್ಲಿಗೆ ಜಗಳ ಬಂದು ನಿಲ್ಲುತ್ತದೆ. ಖಮೇರ್ ರೂಜ್ ಕಾಲದಲ್ಲಿ ಖಾಸಗಿ ಆಸ್ತಿಯನ್ನೇ ರದ್ದು ಮಾಡಿ ಜಮೀನಿನ ದಾಖಲೆಗಳನ್ನು ನಾಶ ಮಾಡಿದ್ದರು. 1979ರ ನಂತರ ಬರಿಗೈಯಲ್ಲಿ ವಾಪಸ್ ಬಂದವರು ಈಗ ಯಾವ ಕಾಗದ ತೋರಿಸಬೇಕು?