ಪದ ಪರಿಚಯ: ಮೆಟ್ – ವಾಚು ಹೇಳುವ ಕ್ಯಾಲೊರಿಯ ಹಿಂದಿರುವ ಲೆಕ್ಕ

ಮಂಗಳೂರಿನ ಆಸ್ಪತ್ರೆಗೆ ಹೋಗಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡು ಬಂದವರು ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕ ಎಲ್ಲ ಕಡೆಯೂ ಸಿಗುತ್ತಾರೆ. ಅವರ ವರದಿಯಲ್ಲಿ ‘7 ಮೆಟ್ಸ್’ ಎಂದೋ ‘10 ಮೆಟ್ಸ್’ ಎಂದೋ ಒಂದು ಸಾಲು ಇರುತ್ತದೆ. ಹೆಚ್ಚಿನವರು ಅದನ್ನು ಓದದೆ ‘ಹೃದಯ ಸರಿ ಇದೆಯಂತೆ’ ಎಂಬ ಒಂದು ಮಾತನ್ನು ಹಿಡಿದುಕೊಂಡು ಮನೆಗೆ ಬರುತ್ತಾರೆ. ಗಲ್ಫಿನಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಸ್ಮಾರ್ಟ್ ವಾಚು ಬೆಳಗಿನ ನಡಿಗೆ ಮುಗಿದ ಮೇಲೆ ‘ಇಂದು 312 ಕ್ಯಾಲೊರಿ’ ಎಂದು ತೋರಿಸುವಾಗಲೂ ಆ ಅಂಕಿಯ ಬುಡದಲ್ಲಿ ಬಹುಮಟ್ಟಿಗೆ ಇದೇ ಮೆಟ್‌ನ ಲೆಕ್ಕವಿರುತ್ತದೆ. ವರದಿಯ ಮೆಟ್ಸನ್ನು ಯಾರೂ ಕೇಳುವುದಿಲ್ಲ, ವಾಚಿನ ಕ್ಯಾಲೊರಿಯನ್ನು ಎಲ್ಲರೂ ನಂಬುತ್ತಾರೆ. ಆ ನಂಬಿಕೆಯ ಮೇಲೆ ಊಟ ತಿಂಡಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವವರೂ ಇರುವುದರಿಂದ ಈ ಪದವನ್ನು ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸಿತು.

ಮೆಟ್ ಎಂಬುದು ಮೆಟಬಾಲಿಕ್ ಈಕ್ವಿವಲೆಂಟ್ ಎಂಬುದರ ಹ್ರಸ್ವರೂಪ. ಸುಮ್ಮನೆ ಕುಳಿತಿರುವಾಗ ದೇಹ ಖರ್ಚು ಮಾಡುವ ಶಕ್ತಿಯನ್ನು ಒಂದು ಎಂದು ಇಟ್ಟುಕೊಂಡರೆ, ಒಂದು ಕೆಲಸಕ್ಕೆ ಅದರ ಎಷ್ಟು ಪಟ್ಟು ಬೇಕು ಎಂಬುದೇ ಆ ಕೆಲಸದ ಮೆಟ್. ಸಮತಟ್ಟಾದ ದಾರಿಯಲ್ಲಿ ಗಂಟೆಗೆ ಸುಮಾರು 5 ಕಿಲೋಮೀಟರ್ ವೇಗದ ನಡಿಗೆಗೆ 3.5, ಗಂಟೆಗೆ 8 ಕಿಲೋಮೀಟರ್ ಓಟಕ್ಕೆ 8ರ ಆಸುಪಾಸು, ಸೂರ್ಯ ನಮಸ್ಕಾರಕ್ಕೆ 3.3. ಇಂಥ ನೂರಾರು ಚಟುವಟಿಕೆಗಳ ಪಟ್ಟಿಯನ್ನು ಅಮೆರಿಕದ ಬಾರ್ಬರಾ ಐನ್ಸ್‌ವರ್ತ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು. 2000, 2011, 2024ರಲ್ಲಿ ಅದು ಪರಿಷ್ಕರಣೆಗೊಂಡಿದೆ.

ಕುಳಿತಿರುವಾಗಿನ ಆ ‘ಒಂದು’ ಎಂದರೆ ದೇಹದ ತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದಾಗ ಹತ್ತಿರ ಹತ್ತಿರ 5 ಕಿಲೋಕ್ಯಾಲೊರಿ ಶಕ್ತಿ ಬಿಡುಗಡೆಯಾಗುತ್ತದೆ. ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದು ಈ ಕಿಲೋಕ್ಯಾಲೊರಿಯನ್ನೇ. ಎರಡನ್ನೂ ಗುಣಿಸಿದರೆ ಒಂದು ಮೆಟ್ ಎಂದರೆ ಕಿಲೋ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ ಎಂಬ ಅನುಕೂಲದ ಸೂತ್ರ ಸಿಗುತ್ತದೆ. 60 ಕಿಲೋ ತೂಕದವರು ಒಂದು ಗಂಟೆ ನಡೆದರೆ 3.5 ಗುಣಿಸು 60, ಅಂದರೆ 210 ಕ್ಯಾಲೊರಿ. ಮೂರನೆಯ ತರಗತಿಯ ಗುಣಾಕಾರ ಬಂದರೆ ಸಾಕು. ಈ ಸುಲಭವೇ ತೊಂದರೆಯ ಬೇರು.

ಏಕೆಂದರೆ ಕುಳಿತಿರುವಾಗಿನ ಆ 3.5 ಮಿಲಿಲೀಟರ್ ಎಂಬ ಸಂಖ್ಯೆ ಯಾರದ್ದು? ಸುಮಾರು ನಲವತ್ತರ ವಯಸ್ಸಿನ, 70 ಕಿಲೋ ತೂಕದ ಒಬ್ಬ ಗಂಡಸಿನ ಅಳತೆಯಿಂದ ಅದು ರೂಢಿಗೆ ಬಂತು ಎಂದು ಈ ಕ್ಷೇತ್ರದವರೇ ಬರೆದಿದ್ದಾರೆ. 2005ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಏಳುನೂರಕ್ಕೂ ಹೆಚ್ಚು ವಯಸ್ಕರನ್ನು ಅಳೆದು ನೋಡಿದಾಗ ಸರಾಸರಿ 2.6 ಮಿಲಿಲೀಟರಿನಷ್ಟೇ ಬಂತು. ಅಡಿಗಲ್ಲೇ ಮೂರನೆಯ ಒಂದರಷ್ಟು ಉಬ್ಬಿಕೊಂಡಿದೆ ಎಂದಾಯಿತು.

ಭಾರತೀಯರ ಮಟ್ಟಿಗೆ ಇದರಲ್ಲಿ ಇನ್ನೊಂದು ಸಂಗತಿ ಇದೆ, ನನಗೆ ಅದು ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ವೈದ್ಯ ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ ಅಕ್ಕಪಕ್ಕ ಇಟ್ಟು ಒಂದು ಪುಟ ಬರೆದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ನರದು ಶೇ 9.1, ಯಾಜ್ಞಿಕರದು ಶೇ 21.2. ತೆಳ್ಳಗೆ ಕಾಣುವ ಭಾರತೀಯ ದೇಹದ ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ವಿಶ್ರಾಂತಿಯಲ್ಲಿರುವಾಗ ಒಂದು ಕಿಲೋ ಸ್ನಾಯು ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸಿದರೆ ಒಂದು ಕಿಲೋ ಕೊಬ್ಬು ನಾಲ್ಕೂವರೆ ಬಳಸುತ್ತದೆ. ವಾಚಿಗೆ ನಾವು ಕೊಟ್ಟದ್ದು ಒಟ್ಟು ತೂಕ, ಆ ತೂಕ ಯಾವುದರಿಂದ ಆದದ್ದು ಎಂಬುದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಯುರೋಪು, ಅಮೆರಿಕದ ದೇಹಗಳಿಗೆ ಹೊಂದಿಸಿದ ಸೂತ್ರ ಪೆರ್ಲದ ಅಥವಾ ನೀರ್ಚಾಲಿನ ಐವತ್ತರ ಮಹಿಳೆಗೆ ಹೇಳುವ ಸಂಖ್ಯೆ ಮೇಲಕ್ಕೆ ಜಾರುವ ಸಂಭವವೇ ಹೆಚ್ಚು.

ಇನ್ನು 210ರ ಒಳಗೇ ಒಂದು ಸಣ್ಣ ಮರೆವು ಅಡಗಿದೆ. ಆ ಒಂದು ಗಂಟೆ ನಡೆಯದೆ ಜಗಲಿಯಲ್ಲಿ ಕುಳಿತಿದ್ದರೂ 60 ಕ್ಯಾಲೊರಿ ಹೇಗೂ ಖರ್ಚಾಗುತ್ತಿತ್ತು. ನಡೆದದ್ದರಿಂದ ಹೆಚ್ಚುವರಿಯಾಗಿ ಖರ್ಚಾದದ್ದು 150. ಕೆಲವು ವಾಚುಗಳು ಇವೆರಡನ್ನೂ ಬೇರೆ ಬೇರೆ ತೋರಿಸುತ್ತವೆ, ಕೆಲವು ಕೂಡಿಸಿಯೇ ತೋರಿಸುತ್ತವೆ. ಯಾವುದನ್ನು ತೋರಿಸುತ್ತಿದೆ ಎಂದು ನೋಡದೆ ಇಬ್ಬರು ಗೆಳೆಯರು ‘ನಿನ್ನದೆಷ್ಟು, ನನ್ನದೆಷ್ಟು’ ಎಂದು ಹೋಲಿಸಿಕೊಂಡರೆ ಅರ್ಥವಿಲ್ಲ.

ವಾಚು ಬರೀ ಮೆಟ್ ಪಟ್ಟಿಯನ್ನು ನೆಚ್ಚಿಕೊಂಡಿಲ್ಲ, ನಾಡಿಯನ್ನೂ ನೋಡುತ್ತದೆ ಎಂಬುದು ನಿಜ. ಅದರ ಬೆನ್ನಿನಲ್ಲಿ ಮಿನುಗುವ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಓದುತ್ತದೆ, ಒಳಗಿನ ಸಂವೇದಕ ಕೈಯ ಚಲನೆಯನ್ನು ಓದುತ್ತದೆ. ಇವೆರಡನ್ನು ವಯಸ್ಸು, ಲಿಂಗ, ತೂಕ, ಎತ್ತರದ ಜೊತೆ ಬೆರೆಸಿ ಕ್ಯಾಲೊರಿಯನ್ನು ಊಹಿಸುತ್ತದೆ. ಬೆರೆಸುವ ಸೂತ್ರವನ್ನು ಕಂಪನಿಗಳು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಆದರೆ ನಾಡಿ ಏರುವುದಕ್ಕೆ ದುಡಿಮೆಯೊಂದೇ ಕಾರಣವಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಕರಾವಳಿಯ ಸೆಕೆಯನ್ನು ನೆನೆಯಿರಿ. ಮೈಯನ್ನು ತಂಪಾಗಿಡಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಬೆವರಿನಲ್ಲಿ ನೀರೂ ಹೋಗುತ್ತದೆ, ಹೃದಯ ಪ್ರತಿ ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗಿ ಬಡಿತಗಳ ಸಂಖ್ಯೆ ಏರುತ್ತದೆ. ಸ್ನಾಯುಗಳು ಬಳಸುವ ಆಮ್ಲಜನಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಡಿಸೆಂಬರಿನಲ್ಲಿ ನಡೆದ ಅದೇ ದಾರಿ, ಅದೇ ವೇಗಕ್ಕೆ ಮೇ ತಿಂಗಳಲ್ಲಿ ವಾಚು ಹೆಚ್ಚು ಕ್ಯಾಲೊರಿ ಬರೆದುಕೊಂಡರೆ ಅದು ಸೆಕೆಯ ಲೆಕ್ಕ. ಬನಿಯನ್ ಹಿಂಡುವಷ್ಟು ಬೆವರಿದರೂ ಹೋದದ್ದು ನೀರು. ಎರಡು ಲೋಟ ಮಜ್ಜಿಗೆ ಕುಡಿದರೆ ಆ ತೂಕ ಮರಳುತ್ತದೆ. ಇದಕ್ಕೆ ವಿರುದ್ಧವಾದದ್ದೂ ಉಂಟು. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರ ನಾಡಿ ಎಷ್ಟು ದುಡಿದರೂ ಅಷ್ಟಾಗಿ ಏರುವುದಿಲ್ಲ. ಅಂಥವರಿಗೆ ನಾಡಿಯನ್ನು ನಂಬಿದ ವಾಚು ಕಡಿಮೆ ಹೇಳುತ್ತದೆ. ಏದುಸಿರು ಬಿಡುತ್ತಾ ನಡೆದು ಬಂದ ಹಿರಿಯರು ಆ ಅಂಕಿ ನೋಡಿ ಬೇಸರಪಟ್ಟುಕೊಳ್ಳಬೇಕಾಗಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಕಂಪನಿಗಳ ಸಾಧನಗಳನ್ನು 60 ಮಂದಿಯ ಕೈಗೆ ಕಟ್ಟಿ, ಅವರ ಉಸಿರಿನ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಾ ನಡೆಸಿದರು, ಓಡಿಸಿದರು, ಸೈಕಲ್ ತುಳಿಸಿದರು. ನಾಡಿಯ ವಿಷಯದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು ಶೇ 5ರೊಳಗೆ ಇತ್ತು. ಕ್ಯಾಲೊರಿಯ ವಿಷಯಕ್ಕೆ ಬಂದಾಗ ಅತ್ಯುತ್ತಮವಾದದ್ದೇ ಸರಾಸರಿ ಶೇ 27ರಷ್ಟು ತಪ್ಪಿತು, ಅತಿ ಕಳಪೆಯದು ಶೇ 93ರಷ್ಟು. ಆಮೇಲೆ ಸಾಧನಗಳು ಸುಧಾರಿಸಿವೆ, ಆದರೆ ನಾಡಿ ಮತ್ತು ಕೈಯ ಅಲುಗಾಟದಿಂದ ಶಕ್ತಿಯನ್ನು ಊಹಿಸುವ ದಾರಿ ಬದಲಾಗಿಲ್ಲ.

ಆ ಪ್ರಯೋಗಗಳೆಲ್ಲ ನಡಿಗೆ, ಓಟ, ಸೈಕಲ್‌ಗಳ ಸುತ್ತ. ನಮ್ಮ ಕಡೆಯ ದುಡಿಮೆಯನ್ನು ಒಮ್ಮೆ ಈ ಲೆಕ್ಕದ ಮುಂದೆ ಇಟ್ಟು ನೋಡಬೇಕು. ಮಳೆಗಾಲದ ಒಂದು ಬಿಡುವಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಒಬ್ಬ ಅಡಿಕೆ ಮರ ಹತ್ತುತ್ತಾನೆ. ಕಾಲಿಗೆ ತಳೆ, ಮರದ ಮೈ ಪಾಚಿಯಿಂದ ಜಾರುತ್ತದೆ. ಮರ 15 ಮೀಟರ್, ಆತ 60 ಕಿಲೋ ಎಂದುಕೊಳ್ಳಿ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಏರಿಸಲು ಬೇಕಾದ ಕೆಲಸ ಸುಮಾರು 2 ಕ್ಯಾಲೊರಿ. ಸ್ನಾಯುಗಳು ಬಳಸಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಕೆಲಸವಾಗಿ ಪರಿಣಮಿಸುವುದರಿಂದ ದೇಹದ ಖರ್ಚು 8 ಅಥವಾ 9 ಕ್ಯಾಲೊರಿ. ಇಷ್ಟು ಭೌತಶಾಸ್ತ್ರ. ಆದರೆ ತುದಿಯಲ್ಲಿ ತೊಡೆ, ಪಾದಗಳಿಂದ ಮರವನ್ನು ಬಿಗಿಹಿಡಿದು ಗೊನೆಗೊನೆಗೂ ದ್ರಾವಣ ತಲುಪುವಂತೆ ಕೈ ಚಾಚಿ ನಿಲ್ಲುವ ಹೊತ್ತಿನಲ್ಲಿ ಎತ್ತರ ಒಂದಿಂಚೂ ಬದಲಾಗುವುದಿಲ್ಲ; ಭೌತಶಾಸ್ತ್ರದ ಪ್ರಕಾರ ಕೆಲಸ ಸೊನ್ನೆ. ಸ್ನಾಯು ಮಾತ್ರ ಉರಿಯುತ್ತಲೇ ಇರುತ್ತದೆ. ಅಲ್ಲಿಂದ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವುದು ಬೇರೆ.

ಆತನ ಕೈಗೆ ವಾಚು ಕಟ್ಟಿದರೆ ಏನಾದೀತು? ಹೆಜ್ಜೆ ಎಣಿಸುವ ಲೆಕ್ಕದ ಪ್ರಕಾರ ಆತ ಬಹುತೇಕ ನಿಂತೇ ಇದ್ದಾನೆ, ಖರ್ಚು ಅತ್ಯಲ್ಪ. ನಾಡಿಯ ಲೆಕ್ಕದ ಪ್ರಕಾರ ಬೇರೆಯೇ ಚಿತ್ರ: ಬಿಗಿಹಿಡಿದ ಸ್ನಾಯುಗಳು, ಎತ್ತರದ ಎಚ್ಚರ, ತೋಟದ ಉಬ್ಬಸ ಹವೆ ಎಲ್ಲ ಸೇರಿ ನಾಡಿಯನ್ನು ಆಮ್ಲಜನಕದ ಬಳಕೆಗಿಂತ ಮೇಲಕ್ಕೆ ಎತ್ತುತ್ತವೆ, ಆಗ ಖರ್ಚು ವಿಪರೀತ. ಜೊತೆಗೆ ಮರವನ್ನು ಅಪ್ಪಿದ ಮಣಿಕಟ್ಟು ಬಾಗಿ ಹಸಿರು ಬೆಳಕಿನ ಹಿಡಿತವೇ ತಪ್ಪುತ್ತದೆ. ಒಂದೇ ದೇಹ, ಒಂದೇ ಕೆಲಸ, ಎರಡು ದಾರಿಯಲ್ಲಿ ಎರಡು ದಿಕ್ಕಿನ ತಪ್ಪು. ಈಗ ಉದ್ದನೆಯ ಫೈಬರ್ ದೋಟಿ ಬಂದು ನೆಲದಲ್ಲೇ ನಿಂತು ಕೊಯ್ಲು, ಸಿಂಪಡಣೆ ಮಾಡುವವರಿದ್ದಾರೆ. ಇಡೀ ದಿನ ಕತ್ತು ಮೇಲೆತ್ತಿ ಭಾರದ ದೋಟಿಯನ್ನು ತೂಗಿಸಿಕೊಂಡು ನಿಂತವನ ಸಂಜೆಯ ಹೆಜ್ಜೆ ಲೆಕ್ಕ ಅಂಗಡಿಯಲ್ಲಿ ಕುಳಿತವನಿಗಿಂತ ಬಹಳ ಹೆಚ್ಚೇನೂ ಇರಲಾರದು. ಗುಡ್ಡದ ಹೊಟ್ಟೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೀರಿಗಾಗಿ ಸುರಂಗ ತೋಡುವವನದೂ ಇದೇ ಕಥೆ. ವಾಚಿನ ಚಟುವಟಿಕೆ ಪಟ್ಟಿಯಲ್ಲಿ ಗಾಲ್ಫ್ ಇದೆ, ಹಿಮದ ಮೇಲೆ ಜಾರುವ ಆಟವಿದೆ. ಇವರು ‘ಇತರೆ’ ಒತ್ತಬೇಕು. ಕಾಸರಗೋಡಿನಲ್ಲಿ ಅತಿ ಹೆಚ್ಚು ಶಕ್ತಿ ಖರ್ಚು ಮಾಡುವ ಜನ ಈ ಲೆಕ್ಕದ ಹೊರಗೇ ಉಳಿದಿದ್ದಾರೆ ಎಂಬುದು ನನ್ನನ್ನು ನಿಜವಾಗಿ ಕಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಅಂದಾಜಿನಲ್ಲಿ 65 ಕಿಲೋ ತೂಕದ ಗಂಡಸಿಗೆ ಕುಳಿತ ಕೆಲಸವಾದರೆ ದಿನಕ್ಕೆ 2110 ಕ್ಯಾಲೊರಿ, ಕಠಿಣ ದುಡಿಮೆಯಾದರೆ 3470. ನಡುವಿನ ಆ 1360 ಕ್ಯಾಲೊರಿಯ ಅಂತರದಲ್ಲಿ ಇಂಥ ದುಡಿಮೆಯೇ ತುಂಬಿದೆ.

ವಾಚಿಲ್ಲದೆ ನಾವೇ ಊಹಿಸಿದರೆ ಇನ್ನೂ ಕಷ್ಟ. ಕೆನಡಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಎಷ್ಟು ಖರ್ಚಾಗಿರಬಹುದು ಎಂದು ಕೇಳಿದಾಗ ಮೂರು ನಾಲ್ಕು ಪಟ್ಟು ಹೆಚ್ಚು ಹೇಳಿದರು. ಖರ್ಚಾದಷ್ಟನ್ನೇ ತಿನ್ನಿ ಎಂದಾಗ ಎರಡು ಮೂರು ಪಟ್ಟು ತಿಂದರು. ದಪ್ಪಗಿದ್ದವರ ಮಾತಲ್ಲ ಇದು, ಸಾಮಾನ್ಯ ತೂಕದವರದು. ಒಂದು ಗಂಟೆಯ ನಡಿಗೆಯ ಹೆಚ್ಚುವರಿ ಖರ್ಚು 150 ಎಂದೆವಲ್ಲ, ತೆಂಗಿನೆಣ್ಣೆಯಲ್ಲಿ ಕರಿದ ನೇಂದ್ರ ಬಾಳೆಯ ಚಿಪ್ಸ್ ಒಂದು ಹಿಡಿ, ಸುಮಾರು 30 ಗ್ರಾಮ್, ಬಾಯಿಗೆ ಹಾಕಿದರೆ ಅಷ್ಟಾಗುತ್ತದೆ. ‘ಇವತ್ತು ನಡೆದಿದ್ದೇನೆ, ತಿನ್ನಬಹುದು’ ಎಂದು ವಾಚಿನ 312ನ್ನು ತೋರಿಸಿ ಪೊಟ್ಟಣ ಬಿಚ್ಚುವ ಸಕ್ಕರೆ ಕಾಯಿಲೆಯವರನ್ನು ಕಂಡಾಗ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ.

ಅಳತೆ ಪಕ್ಕಾ ಆಗಿದ್ದರೂ ಕೂಡಿಸಿ ಕಳೆಯುವ ಲೆಕ್ಕ ನೆಟ್ಟಗಾಗುವುದಿಲ್ಲ. ವಿಶೇಷ ಐಸೊಟೋಪುಗಳಿರುವ ನೀರನ್ನು ಕುಡಿಸಿ ಒಂದೆರಡು ವಾರಗಳ ಒಟ್ಟು ಶಕ್ತಿವ್ಯಯವನ್ನು ಮೂತ್ರದ ಮೂಲಕ ಅಳೆಯುವ ವಿಧಾನವೊಂದಿದೆ. ಮನೆಯಲ್ಲಿ, ತೋಟದಲ್ಲಿ ಬದುಕುತ್ತಿರುವವರನ್ನು ಅಳೆಯಲು ಇದಕ್ಕಿಂತ ನೆಚ್ಚಿನದು ಇಲ್ಲ. ಹರ್ಮನ್ ಪಾಂಟ್ಜರ್ ತಂಡ ಇದರಿಂದ ಟಾಂಜಾನಿಯಾದ ಹಾಡ್ಜಾ ಬೇಟೆಗಾರರನ್ನು ಅಳೆದಾಗ, ದೇಹದ ಗಾತ್ರ ಸರಿದೂಗಿಸಿದ ಮೇಲೆ, ಅವರ ದಿನದ ಒಟ್ಟು ಖರ್ಚು ನಗರವಾಸಿ ಅಮೆರಿಕನ್ನರಷ್ಟೇ ಇತ್ತು. ಇದು 2012ರ ಫಲಿತಾಂಶ. 2021ರಲ್ಲಿ ದೊಡ್ಡ ದತ್ತಾಂಶವೊಂದನ್ನು ಪರಿಶೀಲಿಸಿದವರು, ಚಟುವಟಿಕೆಯಲ್ಲಿ ಹೆಚ್ಚು ಖರ್ಚಾದದ್ದರಲ್ಲಿ ಸರಾಸರಿ ಶೇ 28ನ್ನು ದೇಹ ವಿಶ್ರಾಂತಿಯ ಖರ್ಚಿನಲ್ಲಿ ಉಳಿಸಿಕೊಳ್ಳುತ್ತದೆ ಎಂದು ಕಂಡುಕೊಂಡರು. ಒಂದು ಕಡೆ ಖರ್ಚು ಹೆಚ್ಚಾದಾಗ ಬೇರೆ ಕಡೆ ಕೈ ಬಿಗಿ ಮಾಡುವ ಯಜಮಾನನ ಹಾಗೆ ದೇಹ ತನ್ನ ಖಜಾನೆಯನ್ನು ತಾನೇ ನೋಡಿಕೊಳ್ಳುತ್ತದೆ.

ಹಾಗಾದರೆ ಮೆಟ್ ಕೆಲಸಕ್ಕೆ ಬಾರದ ಅಳತೆಯೇ? ಹಾಗೆನ್ನುವುದು ಅನ್ಯಾಯ. ಒಬ್ಬೊಬ್ಬರ ಖರ್ಚನ್ನು ಕರಾರುವಾಕ್ಕಾಗಿ ಹೇಳಲು ಈ ಪಟ್ಟಿಯನ್ನು ಮಾಡಿದ್ದಲ್ಲ ಎಂದು ಅದನ್ನು ಮಾಡಿದವರೇ ಎಚ್ಚರಿಸಿದ್ದಾರೆ. ಒಂದು ಕೆಲಸ ಇನ್ನೊಂದಕ್ಕಿಂತ ಎಷ್ಟು ಬಿರುಸು ಎಂದು ಹೋಲಿಸಲು ಅದು ಒಳ್ಳೆಯದು. 3ರಿಂದ 6 ಮೆಟ್ ಮಧ್ಯಮ ಶ್ರಮ, 6ರಿಂದ ಮೇಲೆ ಬಿರುಸಿನ ಶ್ರಮ. ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕು ಎಂಬ ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ ಈ ವಿಂಗಡಣೆಯನ್ನು ಆಧರಿಸಿದ್ದು. ಹೃದಯ ವೈದ್ಯರ ವರದಿಯ ಮೆಟ್ಸ್ ಕೂಡ ನಿಮ್ಮ ಹೃದಯ ಎಷ್ಟು ಬಿರುಸನ್ನು ತಾಳಿಕೊಂಡಿತು ಎಂಬುದನ್ನು ಹೇಳುತ್ತದೆ, ಕ್ಯಾಲೊರಿಯನ್ನಲ್ಲ. ಅದು ಯಂತ್ರದ ವೇಗ ಮತ್ತು ಏರಿನಿಂದ ತೆಗೆದ ಅಂದಾಜು. ಮುಂದಿನ ಕಂಬಿಗೆ ಭಾರ ಬಿಟ್ಟು ನಡೆದರೆ ಅಂಕಿ ಇರಬೇಕಾದ್ದಕ್ಕಿಂತ ಮೇಲೆ ಹೋಗುತ್ತದೆ, ಆದ್ದರಿಂದಲೇ ತಂತ್ರಜ್ಞರು ‘ಬಿಗಿಯಾಗಿ ಹಿಡಿಯಬೇಡಿ’ ಎನ್ನುವುದು.

ದಿನನಿತ್ಯದ ಬಳಕೆಗೆ ವಾಚು ನಿಜವಾಗಿ ಅಳೆಯುವುದನ್ನು ನೋಡಿದರೆ ಸಾಕು: ಎಷ್ಟು ನಿಮಿಷ, ಎಷ್ಟು ದೂರ, ನಾಡಿ ಎಷ್ಟು. ನಮ್ಮ ಮುರಕಲ್ಲಿನ ನೆಲದಲ್ಲಿ ಸಮತಟ್ಟು ದಾರಿ ಕಡಿಮೆ, ಆದ್ದರಿಂದ ಏರನ್ನೂ ಗಮನಿಸಬೇಕು. 60 ಕಿಲೋ ತೂಕದವರು 100 ಮೀಟರ್ ಎತ್ತರ ಏರಿದರೆ ಐವತ್ತರಿಂದ ಅರುವತ್ತು ಕ್ಯಾಲೊರಿ ಹೆಚ್ಚು ಬೇಕು. ಪೊಸಡಿಗುಂಪೆಯ ಕಡೆಗೆ ಏರುವ ಅರ್ಧ ಗಂಟೆಯೂ ಕುಂಬಳೆಯ ಕಡಲ ಬದಿಯ ಅರ್ಧ ಗಂಟೆಯೂ ಒಂದೇ ಅಲ್ಲ. ನಡೆಯುವಾಗ ಜೊತೆಯವರೊಡನೆ ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಷ್ಟು ಉಸಿರು ಏರಿದ್ದರೆ ಅದು ಮಧ್ಯಮ ಶ್ರಮ. ಕ್ಯಾಲೊರಿಯ ಸಾಲನ್ನು ನೋಡಲೇಬೇಕೆನಿಸಿದರೆ ಅದೇ ವಾಚು, ಅದೇ ದಾರಿ, ಅದೇ ಋತು ಇಟ್ಟುಕೊಂಡು ಕಳೆದ ವಾರದ ನಿಮ್ಮ ಅಂಕಿಯೊಂದಿಗೆ ಮಾತ್ರ ಹೋಲಿಸಿ. ತಟ್ಟೆಗೆ ಏನು ಬಡಿಸಿಕೊಳ್ಳಬೇಕು ಎಂಬುದನ್ನು ಅದರಿಂದ ತೀರ್ಮಾನಿಸಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ವಾಚಿನ ಕ್ಯಾಲೊರಿ ನೋಡಿ ಡೋಸನ್ನಾಗಲಿ ಊಟವನ್ನಾಗಲಿ ಬದಲಿಸಲೇಬಾರದು. ವೈದ್ಯರನ್ನು ಕೇಳಿ, ಗ್ಲುಕೋಮೀಟರನ್ನು ನೋಡಿ.