ಬೂಷ್ಟು ಹಿಡಿದದ್ದು ದನಕ್ಕೆ, ಹಾಲು ನಮಗೆ

ಹಾಲಿಗೆ ಯೂರಿಯಾ ಹಾಕ್ತಾರಂತೆ, ಡಿಟರ್ಜೆಂಟ್ ಹಾಕ್ತಾರಂತೆ ಅನ್ನುವ ವಿಡಿಯೊ ಆಗಾಗ ಎಲ್ಲರ ವಾಟ್ಸಾಪ್‌ಗೂ ಬರುತ್ತದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದ ಉದ್ದಗಲಕ್ಕೂ 6,432 ಹಾಲಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಿತು. ಕುಡಿದರೆ ಅಪಾಯ ಅನ್ನುವಂಥ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿದ್ದು 368ರಲ್ಲಿ. ಆ 368ರ ವಿಡಿಯೊ ನನಗಂತೂ ಒಂದೂ ಬಂದಿಲ್ಲ. ಬೈಯಲು ಒಬ್ಬ ಕಳ್ಳ ಬೇಕಲ್ಲ, ಇಲ್ಲಿ ಯಾರೂ ಏನನ್ನೂ ಬೆರೆಸಿಲ್ಲ. ಹಿಂಡಿಯಲ್ಲಿ ಇದ್ದದ್ದು ಹಸುವಿನ ಹೊಟ್ಟೆಗೆ ಹೋಗಿ ಕೆಚ್ಚಲಿಗೆ ಬಂದಿದೆ, ಅಷ್ಟೇ.

ಅಫ್ಲಟಾಕ್ಸಿನ್ ಅಂದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಬೂಷ್ಟು ತಯಾರಿಸುವ ವಿಷ. ಈ ಬೂಷ್ಟು ಮಣ್ಣಿನಲ್ಲಿ ಇದ್ದೇ ಇರುತ್ತದೆ. ಕಡಲೆಕಾಯಿ ಮಣ್ಣಿನೊಳಗೇ ಬಲಿಯುವ ಬೆಳೆ. ಬೂಷ್ಟು ಅಂದ ಕೂಡಲೇ ನಾವು ಮಳೆ, ತೇವ ಅಂತ ಯೋಚಿಸುತ್ತೇವೆ. ಉಗ್ರಾಣದಲ್ಲಿ ಅದು ನಿಜ. ಹೊಲದಲ್ಲಿ ಮಾತ್ರ ಉಲ್ಟಾ. ಪಾವಗಡ, ಚಳ್ಳಕೆರೆಯಂಥ ಕಡೆ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ, ಒಣಗಿ ಸೊರಗಿದ ಗಿಡಕ್ಕೆ ಬೂಷ್ಟನ್ನು ತಡೆಯುವ ಶಕ್ತಿಯೇ ಉಳಿಯುವುದಿಲ್ಲ.

ಮುಂದೆ ಏನಾಗುತ್ತದೆ ನೋಡಿ. ದಪ್ಪ ಬೀಜ ಅಂಗಡಿಗೆ. ಸುರುಟಿದ್ದು, ಕಪ್ಪಾದದ್ದು, ಹುಳ ಕೊರೆದದ್ದು ಎಣ್ಣೆಗೆ. ಎಣ್ಣೆ ತೆಗೆದ ಮೇಲೆ ವಿಷದ ಬಹುಪಾಲು ಹಿಂಡಿಯಲ್ಲೇ ಉಳಿಯುತ್ತದೆ. ಹಿಂಡಿ ದನಕ್ಕೆ. ಮನೆಯಲ್ಲೂ ಇದೇ ಲೆಕ್ಕ: ಮುಗ್ಗಿದ ಜೋಳ, ಬೂಷ್ಟು ಬಂದ ರೊಟ್ಟಿ ಬಿಸಾಡಲು ಮನಸ್ಸು ಬರುವುದಿಲ್ಲ, "ದನಕ್ಕೆ ಹಾಕು" ಅಂತೀವಿ. ಅಡುಗೆಮನೆ ಸ್ವಚ್ಛ ಆಯಿತು, ಪುಣ್ಯವೂ ಬಂತು. ದನದ ಹೊಟ್ಟೆಗೆ ಏನು ಬೇಕಾದರೂ ಅರಗುತ್ತದೆ ಅನ್ನುವ ನಂಬಿಕೆ ನಮಗೆ ಎಲ್ಲಿಂದ ಬಂತೋ!

ಈ ವಿಷ ಪತ್ತೆಯಾದದ್ದೂ ಪಶು ಆಹಾರದಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ಹೊಳೆಯದೆ 'ಟರ್ಕಿ ಎಕ್ಸ್' ಕಾಯಿಲೆ ಅಂದರು. ಹುಡುಕುತ್ತಾ ಹೋದರೆ ಎಲ್ಲ ದಾರಿಯೂ ಬ್ರೆಜಿಲ್‌ನಿಂದ ಬಂದ ಕಡಲೆಕಾಯಿ ಹಿಂಡಿಗೆ ಹೋಗಿ ನಿಂತಿತು.

ನನಗೆ ತುಂಬ ಇಷ್ಟವಾದ ಭಾಗ ಇನ್ನು ಮುಂದಿದೆ. ನುಂಗಿದಾಗ ಈ ವಿಷದ ಮುಖ್ಯ ಬಗೆಯಾದ ಅಫ್ಲಟಾಕ್ಸಿನ್ ಬಿ1 ಹೆಚ್ಚು ಕಡಿಮೆ ಸುಮ್ನೆ ಇರುವ ಅಣು. ಅದರ ಕೈಗೆ ಕತ್ತಿ ಕೊಡುವುದು ನಮ್ಮ ಲಿವರ್ರೇ! ಲಿವರ್‌ಗೆ ಕೆಟ್ಟ ಉದ್ದೇಶವೇನಿಲ್ಲ. ನೀರಿನಲ್ಲಿ ಕರಗದ್ದನ್ನು ಕರಗುವಂತೆ ಮಾಡಿ ಹೊರಗೆ ಕಳಿಸುವುದು ಅದರ ಕೆಲಸ. ಅದಕ್ಕಾಗಿ ಅಣುವಿಗೆ ಒಂದು ಆಕ್ಸಿಜನ್ ಅಂಟಿಸುತ್ತದೆ. ಆಕ್ಸಿಜನ್ ಒಂದು ಜಾಗದಲ್ಲಿ ಕೂತರೆ ಎಂ1 ಆಗುತ್ತದೆ, ಮೂತ್ರದಲ್ಲೋ ಹಾಲಿನಲ್ಲೋ ಹೊರಬೀಳುತ್ತದೆ. ಹಾಲಿನ ಪರೀಕ್ಷೆಯಲ್ಲಿ ಹುಡುಕುವುದು ಇದನ್ನೇ. ಇನ್ನೊಂದು ಜಾಗದಲ್ಲಿ ಕೂತರೆ ಎಪಾಕ್ಸೈಡ್ ಆಗುತ್ತದೆ. ಅದು ಒಂದು ಕ್ಷಣವೂ ಒಂಟಿಯಾಗಿ ಇರಲಾರದು, ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ವಿಷವನ್ನು ಹಿಡಿದು ಹೊರಹಾಕಲು ಮೈಯಲ್ಲೇ ಇರುವ ಗ್ಲುಟಾಥಯೋನ್ ಎಂಬ ಅಣು ಸಿಕ್ಕರೆ ನಾವು ಬಚಾವ್. ಲ್ಯಾಬಿನ ಸುಂಡಿಲಿಗಳು ಈ ಗ್ಲುಟಾಥಯೋನ್ ಅಂಟಿಸುವುದರಲ್ಲಿ ಭಾರಿ ಚುರುಕು, ಅದಕ್ಕೇ ಅವು ಸುಲಭಕ್ಕೆ ಬಗ್ಗುವುದಿಲ್ಲ. ದೊಡ್ಡ ಇಲಿಗಳಿಗೆ ಕ್ಯಾನ್ಸರ್ ಬರುತ್ತದೆ. ಅದೇ ಎಪಾಕ್ಸೈಡ್‌ಗೆ ಡಿಎನ್‌ಎ ಸಿಕ್ಕರೆ, ಜಿಪ್ಪಿನ ಹಲ್ಲಿಗೆ ದಾರ ಸಿಕ್ಕಿಕೊಂಡ ಹಾಗೆ ಎಳೆಗಳ ಮಧ್ಯೆ ತೂರಿ, ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್‌ಗೆ (ಜಿ) ಕಚ್ಚಿಕೊಳ್ಳುತ್ತದೆ. ಮುಂದಿನ ನಕಲಿನಲ್ಲಿ ಜಿ ಇರಬೇಕಾದ ಕಡೆ ಟಿ ಬರುತ್ತದೆ. ಚೀನಾ ಮತ್ತು ಆಫ್ರಿಕಾ ಖಂಡದ ದಕ್ಷಿಣ ಭಾಗದ ಲಿವರ್ ಕ್ಯಾನ್ಸರ್ ರೋಗಿಗಳಲ್ಲಿ, ಗಡ್ಡೆ ತಡೆಯುವ ಪಿ53 ಜೀನ್‌ನ 249ನೇ ಜಾಗದಲ್ಲೇ ಮತ್ತೆ ಮತ್ತೆ ಈ ತಪ್ಪು ಕಂಡದ್ದು 1991ರಲ್ಲಿ ವರದಿಯಾಯಿತು. ಅಪರಾಧಿ ಬೆರಳಚ್ಚು ಬಿಟ್ಟು ಹೋಗಿದ್ದ. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಎಷ್ಟೋ ಪಟ್ಟು ಜಾಸ್ತಿ. ಮಕ್ಕಳಿಗೆ ಆ ಲಸಿಕೆ ತಪ್ಪಿಸಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಕಾಯಿಸಿದರೆ ಹೋಗಲ್ವಾ? ಹೋಗುವುದಿಲ್ಲ. ಈ ಅಣು ಮುರಿಯಲು 200 ಡಿಗ್ರಿಗೂ ಮೇಲೆ ಶಾಖ ಬೇಕು, ಹಾಲು ಉಕ್ಕುವುದು 100ರ ಆಸುಪಾಸಿನಲ್ಲಿ. ಹುರಿದರೆ ಸ್ವಲ್ಪ ಕಡಿಮೆಯಾಗುತ್ತದೆ, ಪೂರ್ತಿ ಅಲ್ಲ. ಬಿಸಿಲಿಗೆ ಹಾಕಿ ಒರೆಸಿದರೆ ಕಣ್ಣಿಗೆ ಕಾಣುವ ಬೂಷ್ಟು ಹೋಗುತ್ತದೆ, ವಿಷ ಅಲ್ಲೇ ಇರುತ್ತದೆ. ಇನ್ನು "ಗಾಣದೆಣ್ಣೆ, ಕೆಮಿಕಲ್ ಇಲ್ಲ, ನ್ಯಾಚುರಲ್" ಅನ್ನುವವರಿಗೆ ಒಂದು ಮಾತು: ಅಫ್ಲಟಾಕ್ಸಿನ್ ನೂರಕ್ಕೆ ನೂರು ನ್ಯಾಚುರಲ್. ರಿಫೈನರಿಯಲ್ಲಿ ಕ್ಷಾರ ಹಾಕಿ ತೊಳೆಯುವಾಗ ಅದು ಹೋಗುತ್ತದೆ, ಗಾಣದಲ್ಲಿ ಆ ಹಂತವೇ ಇಲ್ಲ. ನಾನೂ ಗಾಣದೆಣ್ಣೆಯನ್ನೇ ತರುವುದು, ಆದರೆ ಹಾಕಿದ ಬೀಜ ತೋರಿಸಿ ಅಂತ ಕೇಳುತ್ತೇನೆ.

ಇದೆಲ್ಲ ದೂರದ ಕಥೆಯಲ್ಲ. 1974ರಲ್ಲಿ ರಾಜಸ್ಥಾನದ ಬಾಂಸ್‌ವಾಡಾ, ಗುಜರಾತಿನ ಪಂಚಮಹಲ್ ಕಡೆ ಅಕಾಲ ಮಳೆಗೆ ನೆಂದ ಮೆಕ್ಕೆಜೋಳ ತಿಂದು 397 ಜನ ಕಾಮಾಲೆ ಬಂದು ಮಲಗಿದರು, 106 ಜನ ಸತ್ತರು. ಅದೇ ಊಟ ಹಂಚಿಕೊಂಡ ನಾಯಿಗಳೂ ಸತ್ತವು. ಅದಕ್ಕೂ ಮೊದಲು ನಮ್ಮ ಮೈಸೂರಿನಲ್ಲೇ, ಅಪೌಷ್ಟಿಕ ಮಕ್ಕಳಿಗೆ ಪ್ರೋಟೀನ್ ಸಿಗಲಿ ಅಂತ ಕೊಟ್ಟ ಕಡಲೆಬೀಜದ ಹಿಟ್ಟಿನಲ್ಲಿ ಈ ವಿಷ ಸೇರಿಕೊಂಡು ಲಿವರ್ ಕೆಟ್ಟದ್ದನ್ನು 1971ರಲ್ಲಿ ವೈದ್ಯರು, ವಿಜ್ಞಾನಿಗಳು ಸೇರಿ ಬರೆದರು. ಅದನ್ನು ಓದಿದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ವಿಷ ಎಲ್ಲ ಬೀಜದಲ್ಲೂ ಸಮನಾಗಿ ಇರುವುದಿಲ್ಲ, ಕೆಲವೇ ಬೀಜಗಳಲ್ಲಿ ಸಿಕ್ಕಾಪಟ್ಟೆ ಇರುತ್ತದೆ. ಅದಕ್ಕೇ ಲ್ಯಾಬಿಗೆ ಒಂದು ಹಿಡಿ ಕೊಟ್ಟರೆ ಇಡೀ ಮೂಟೆ ಪಾಸಾಗಿಬಿಡಬಹುದು. ಮೊರದಲ್ಲಿ ಹಾಕಿಕೊಂಡು ಬಣ್ಣಗೆಟ್ಟದ್ದು, ಸುರುಟಿದ್ದು ಆರಿಸುವ ಹಳೆಯ ಕೆಲಸ ಅದಕ್ಕೇ ಅಷ್ಟು ಉಪಯೋಗ. ಆರಿಸಿದ್ದನ್ನು ಮಾತ್ರ ಒಲೆಗೆ ಹಾಕಿ, ದನದ ಬಾನಿಗೆ ಬೇಡ. ಕಹಿ ಬೀಜ ಬಾಯಿಗೆ ಬಂದರೆ ಉಗುಳಿ, ಮೇಲೆ ನಾಲ್ಕು ಒಳ್ಳೆ ಬೀಜ ಹಾಕಿಕೊಂಡು ನುಂಗಬೇಡಿ. ರೈತರು ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಬೀಜ ಗಲಗಲ ಅಂದ ಮೇಲೇ ಚೀಲಕ್ಕೆ ತುಂಬಲಿ. ಹಸು ಸಾಕಿದವರು ಮುಗ್ಗಲು ವಾಸನೆಯ ಹಿಂಡಿ ನಿಲ್ಲಿಸಿ ಒಳ್ಳೆಯದು ಹಾಕಿದರೆ, ಕೆಲವೇ ದಿನಗಳಲ್ಲಿ ಹಾಲಿನಿಂದ ಎಂ1 ಹೋಗಿಬಿಡುತ್ತದೆ.