ರನ್‌ಟೈಮ್ ಕಾನ್ಫಿಗ್ ಅಂದ್ರೆ ಏನು?

ಎಪಿಐ (ಸೈಟಿಗೆ ಡೇಟಾ ಕೊಡುವ ಸೇವೆ) ವಿಳಾಸ, ಪೇಮೆಂಟಿನ ಗುಟ್ಟಿನ ಕೀ, ಸೈಟಿನ ಹೆಸರು. ಇಂಥವು ಒಂದು ವೆಬ್‌ಸೈಟಿನ ಹತ್ತಾರು ಫೈಲುಗಳಿಗೆ ಬೇಕಾಗುತ್ತವೆ. ಎಲ್ಲ ಕಡೆ ಬರೆದುಕೊಂಡು ಹೋದರೆ, ವಿಳಾಸ ಬದಲಾದ ದಿನ ಹುಡುಕಿ ಹುಡುಕಿ ತಿದ್ದಬೇಕು. ಒಂದಾದರೂ ತಪ್ಪಿಹೋಗುತ್ತದೆ, ಅಲ್ವಾ? ವೆಬ್‌ಸೈಟ್ ಕಟ್ಟಲು ಇರುವ ನಕ್ಸ್ಟ್ ಎಂಬ ಫ್ರೇಮ್‌ವರ್ಕ್ ಬಳಸುವವರು ಇವನ್ನೆಲ್ಲ ಕಾನ್ಫಿಗ್ ಫೈಲಿನಲ್ಲಿ ಒಂದೇ ಜಾಗದಲ್ಲಿ ಇಡುತ್ತಾರೆ. ಆ ಜಾಗವೇ ರನ್‌ಟೈಮ್ ಕಾನ್ಫಿಗ್. ಬೇಕಾದ ಕಡೆ 'ಯೂಸ್‌ರನ್‌ಟೈಮ್‌ಕಾನ್ಫಿಗ್' ಫಂಕ್ಷನ್ ಕರೆದರೆ ಸಾಕು.

ಅದರೊಳಗೆ 'ಪಬ್ಲಿಕ್' ಅಂತ ಒಂದು ಭಾಗ ಇರುತ್ತದೆ. ಅಲ್ಲಿ ಹಾಕಿದ್ದು ಬ್ರೌಸರಿಗೂ ಹೋಗುತ್ತದೆ. ಪುಟದ ಸೋರ್ಸ್ ತೆರೆದರೆ ಯಾರಿಗೆ ಬೇಕಾದರೂ ಕಾಣುತ್ತದೆ. ಆದ್ದರಿಂದ ಗುಟ್ಟಿನ ಕೀ ಅದರ ಹೊರಗೇ ಇರಬೇಕು. ಹೊರಗೆ ಇಟ್ಟದ್ದು ಸರ್ವರ್ ಕೋಡಿಗೆ ಮಾತ್ರ ಸಿಗುತ್ತದೆ. ನಕ್ಸ್ಟ್ 2ರಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರಿತ್ತು. 2022ರ ನವೆಂಬರಿನಲ್ಲಿ ಬಂದ ನಕ್ಸ್ಟ್ 3 ಎರಡನ್ನೂ ಒಂದರೊಳಗೆ ಸೇರಿಸಿತು.

ಹೆಸರಿನಲ್ಲಿರುವ 'ರನ್‌ಟೈಮ್' ಸುಮ್ನೆ ಬಂದಿದ್ದಲ್ಲ. ಬಿಲ್ಡ್ (ಕೋಡನ್ನು ಸರ್ವರಿನಲ್ಲಿ ಓಡಿಸಲು ಸಿದ್ಧಪಡಿಸುವ ಕೆಲಸ) ಮುಗಿದ ಮೇಲೂ, ಸರ್ವರ್ ಶುರು ಮಾಡುವಾಗ ಎನ್ವಿರಾನ್ಮೆಂಟ್ ವೇರಿಯಬಲ್ (ಕೋಡಿನ ಹೊರಗಿಂದ, ಹೆಸರಿಟ್ಟು ಕೊಡುವ ಮಾಹಿತಿ) ಕೊಟ್ಟು ಇದನ್ನು ಬದಲಾಯಿಸಬಹುದು. ಆದರೆ ಹೆಸರು ಸರಿಯಾಗಿ ಕೂಡಬೇಕು. ಪಬ್ಲಿಕ್‌ನೊಳಗೆ 'ಎಪಿಐಬೇಸ್' ಇದ್ದರೆ ವೇರಿಯಬಲ್ ಹೆಸರು ನಕ್ಸ್ಟ್, ಪಬ್ಲಿಕ್, ಎಪಿಐ, ಬೇಸ್. ನಾಲ್ಕೂ ಕ್ಯಾಪಿಟಲ್ ಅಕ್ಷರದಲ್ಲಿ, ನಡುವೆ ಅಂಡರ್‌ಸ್ಕೋರ್. ಕಾನ್ಫಿಗ್‌ನಲ್ಲಿ ಮೊದಲೇ ಬರೆದಿರದ ಹೆಸರನ್ನು ಕೊಟ್ಟರೆ ಅದು ಲೆಕ್ಕಕ್ಕಿಲ್ಲ.

ನಾನು ಎಡವಿದ್ದು ಇಲ್ಲೇ. ನನಗೆ ತೋಚಿದ ಹೆಸರಿನ ವೇರಿಯಬಲ್ ಒಂದನ್ನು ಕಾನ್ಫಿಗ್ ಫೈಲಿನಲ್ಲಿ ಓದಿಸಿಕೊಂಡಿದ್ದೆ. ಟೆಸ್ಟಿಂಗ್‌ಗೆ ಮಾಡಿದ ಬಿಲ್ಡನ್ನೇ ಲೈವ್ ಸರ್ವರಿಗೆ ಹಾಕಿ, ಅಲ್ಲಿ ಹೊಸ ವಿಳಾಸ ಕೊಟ್ಟೆ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಸೈಟು ಟೆಸ್ಟ್ ಎಪಿಐ ಹತ್ತಿರವೇ ಮಾತಾಡುತ್ತಿತ್ತು! ಬಿಲ್ಡ್ ಹೊತ್ತಿನಲ್ಲಿ ಓದಿದ ವಿಳಾಸ ಅದರೊಳಗೇ ಉಳಿದುಬಿಟ್ಟಿತ್ತು. ವೇರಿಯಬಲ್ ಬರೆದಿಡುವ ಡಾಟ್ ಎನ್ವ್ ಫೈಲ್ ತಿದ್ದಿಯೂ ನೋಡಿದೆ. ಬಿಲ್ಡ್ ಆದ ಸರ್ವರ್ ಆ ಫೈಲನ್ನು ತಾನಾಗಿ ಓದುವುದೇ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಥೀಮ್ ಬಣ್ಣದಂಥ, ಗುಟ್ಟಿಲ್ಲದ, ಸರ್ವರಿಂದ ಸರ್ವರಿಗೆ ಬದಲಾಗದ ವಿಷಯಗಳಿಗೆ 'ಆಪ್ ಕಾನ್ಫಿಗ್' ಅಂತ ಬೇರೆಯೇ ಫೈಲ್ ಇದೆ. ಅದಕ್ಕೆ ವೇರಿಯಬಲ್ ಗೊಡವೆ ಇಲ್ಲ.

ಹೆಸರು ಹತ್ತಿರ ಇದೆ ಅಂತ ನೆಕ್ಸ್ಟ್ ಅನ್ನುವ ಇನ್ನೊಂದು ಫ್ರೇಮ್‌ವರ್ಕಿಗೆ ಇದನ್ನೇ ಅನ್ವಯಿಸಬೇಡಿ. ಅಲ್ಲಿ 'ನೆಕ್ಸ್ಟ್ ಪಬ್ಲಿಕ್' ಅಂತ ಶುರುವಾಗುವ ವೇರಿಯಬಲ್‌ಗಳು ಬಿಲ್ಡ್ ಮಾಡುವಾಗಲೇ ಬ್ರೌಸರ್ ಕೋಡಿನೊಳಗೆ ಸೇರಿಹೋಗುತ್ತವೆ. ಬದಲಾಯಿಸಬೇಕು ಅಂದ್ರೆ ಮತ್ತೆ ಬಿಲ್ಡ್ ಮಾಡಬೇಕು.